ಭಾವನ ನಾಲ್ಕಕ್ಷರ

ನಮ್ಮ ಭಾವನಿಗೆ ಎದೆ ಸೀಳಿದರೆ ನಾಲ್ಕಕ್ಷರ ಇಲ್ಲ ಎಂದು ನಾನು ಬಹಳ ವರ್ಷಗಳಿಂದ ಹೇಳಿಕೊಂಡು ತಿರುಗುತ್ತಿದ್ದೆ. ಮದುವೆ ಮನೆಗಳಲ್ಲಿ, ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರ ಹತ್ತಿರವೂ ಹೇಳಿದ್ದುಂಟು. ಹೋದ ವರ್ಷ ತೀರ್ಥಹಳ್ಳಿಯ ಡಾಕ್ಟರೊಬ್ಬರು ಸೀಳಿಯೇ ಬಿಟ್ಟರು. ಎದೆಯನ್ನಲ್ಲ, ಅದಕ್ಕಿಂತ ಒಂದು ಗೇಣು ಕೆಳಗೆ. ಹರ್ನಿಯಾ. ಒಳಗೆ ಅಕ್ಷರ ಏನಾದರೂ ಕಂಡಿತೇ ಎಂದು ಡಾಕ್ಟರಿಗೆ ಫೋನು ಮಾಡಿ ಕೇಳುವ ಮನಸ್ಸಿತ್ತು, ಹೆಂಡತಿಗೆ ಹೆದರಿ ಕೈಬಿಟ್ಟೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೊಸನಗರದವರು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನಲ್ಲಿ ಮದುವೆ, ಉಪನಯನ, ಗೃಹಪ್ರವೇಶ ಯಾವುದಾದರೂ ಅಡುಗೆಗೆ ಅವರೇ ಆಗಬೇಕು. ಓದಿದ್ದು ಏಳನೇ ಕ್ಲಾಸು, ಅದನ್ನೂ ಪೂರ್ತಿ ಓದಿದ್ದಕ್ಕೆ ಸಾಕ್ಷಿಯಿಲ್ಲ. ನಾನೋ, ಸಾಗರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಇಪ್ಪತ್ತನಾಲ್ಕು ವರ್ಷದ ಸರ್ವಿಸು. ನೋಟ್ಸಿಗೂ ಹತ್ತಿರಹತ್ತಿರ ಅಷ್ಟೇ ವಯಸ್ಸು. ಸಿಲಬಸ್ಸು ಬದಲಾದಾಗಲೆಲ್ಲ ಮೇಲಿನ ಹಾಳೆ ಬದಲಿಸುತ್ತೇನೆ. ಈಗೀಗ ಮೊಬೈಲ್ ಆ್ಯಪ್ ಮಾಡುವುದನ್ನೂ ಕಲಿಸುತ್ತೇನೆ. ನೀವು ಸ್ವತಃ ಎಷ್ಟು ಆ್ಯಪ್ ಮಾಡಿದ್ದೀರಿ ಎನ್ನುತ್ತೀರಾ? ಆ ಪ್ರಶ್ನೆಯನ್ನು ಕ್ಲಾಸಿನಲ್ಲಿ ಯಾರೂ ಕೇಳಿಲ್ಲ, ನೀವೂ ಕೇಳಬೇಡಿ.

ನಿಜ ಹೇಳಿಬಿಡುತ್ತೇನೆ. ನಾಲ್ಕಕ್ಷರದ ಮಾತನ್ನು ಮೊದಮೊದಲು ನಾನು ತಮಾಷೆಗೆ ಆಡುತ್ತಿದ್ದೆ. ಅಕ್ಕ ಹೋದ ಮೇಲೆ ಸಿಟ್ಟಿಗೆ ಆಡತೊಡಗಿದೆ. ಅಕ್ಕನಿಗೆ ಎದೆನೋವು ಜೋರಾದ ದಿನ ಭಾವ ಆಗುಂಬೆ ಕಡೆಯ ಉಪನಯನವೊಂದರಲ್ಲಿ ಇನ್ನೂರೈವತ್ತು ಎಲೆಗೆ ಹೋಳಿಗೆ ಬೇಯಿಸುತ್ತಿದ್ದರು. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೋವು ತಿಂಗಳಿನಿಂದ ಇತ್ತಂತೆ, ಯಾರಿಗೂ ಹೇಳದೆ ಅವಳೇ ಮುಚ್ಚಿಟ್ಟಿದ್ದಳು. ಇದು ನನಗೂ ಗೊತ್ತಿತ್ತು. ಗೊತ್ತಿದ್ದೂ ಹದಿಮೂರನೇ ದಿನ, ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ, ಎದ್ದು ನಿಂತು ಹೇಳಿದೆ.

"ಊರಿಗೆಲ್ಲ ಬಡಿಸಿದ್ರಿ ಭಾವ. ನನ್ನ ಅಕ್ಕನ್ನ ಒಂದ್ಸಲ ಡಾಕ್ಟರ ಹತ್ರ ಕರ್ಕಂಡು ಹೋಗೂಕೆ ನಿಮಗೆ ಪುರಸೊತ್ತು ಸಿಕ್ಕಿದ್ದಿಲ್ಲೆ."

ಭಾವ ಕೈಯಲ್ಲಿದ್ದ ಸೌಟನ್ನು ಪಾತ್ರೆಯಲ್ಲಿಟ್ಟು ಒಳಗೆ ಹೋದರು. ಅಲ್ಲಿಯವರೆಗೆ ನನ್ನನ್ನು ಅಕ್ಕ ಕರೆಯುವ ಹಾಗೆಯೇ ಕರೆಯುತ್ತಿದ್ದವರು ಅವತ್ತಿನಿಂದ "ಮೇಷ್ಟ್ರೆ" ಎನ್ನತೊಡಗಿದರು. ಮೇಲಿಂದ ಬಹುವಚನ. ನಾನು ಹೊಸನಗರದ ಬಸ್ಸು ಹತ್ತುವುದನ್ನೇ ಬಿಟ್ಟೆ. ಮೊದಲ ವರ್ಷದ ತಿಥಿಗೂ ಹೋಗಲಿಲ್ಲ.

ಅಂಥ ಭಾವನನ್ನು ಆಪರೇಷನ್ ಆದ ಮೇಲೆ ನನ್ನ ಹೆಂಡತಿ ಸೀದಾ ನಮ್ಮ ಮನೆಗೆ ಕರೆತಂದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತಲ್ಲ. "ಮಕ್ಕಳಿಲ್ಲೆ, ಮರಿ ಇಲ್ಲೆ, ಅತ್ತಿಗೆಯೂ ಇಲ್ಲೆ. ಅಲ್ಲಿ ಒಂದು ಲೋಟ ನೀರು ಕೊಡೋರು ಯಾರಿದ್ದ?" ಎಂದಳು. ಮೂರು ತಿಂಗಳು ಭಾರ ಎತ್ತಬಾರದು, ಬಗ್ಗಬಾರದು, ಒಲೆಯ ಹತ್ತಿರ ಸುಳಿಯಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮಂಪರಿಳಿಯುವಾಗ ಭಾವ ವಾರ್ಡಿಗೆ ವಾರ್ಡೇ ಕೇಳುವ ಹಾಗೆ "ಎರಡನೇ ಪಂಕ್ತಿಗೆ ಎಲೆ ಹಾಕಿ" ಎಂದು ಕೂಗಿದರಂತೆ. ನರ್ಸು ನೋವಿದೆಯಾ ಎಂದು ಕೇಳಿದ್ದಕ್ಕೆ, ನೋವು ತಡೀಬಹುದು, ಇಲ್ಲಿನ ಗಂಜಿಗೆ ಉಪ್ಪು ಹಾಕುವವರು ಯಾರು ಎಂದು ವಿಚಾರಿಸಿದರಂತೆ. ಇದನ್ನೆಲ್ಲ ಹೆಂಡತಿ ನಕ್ಕು ನಕ್ಕು ಹೇಳಿದಳು. ನಾನು ನಗಲಿಲ್ಲ. ನಗು ಬಂದಿತ್ತು, ತಡೆದುಕೊಂಡೆ.

ಮನೆಗೆ ಬಂದ ಮೂರನೇ ದಿನಕ್ಕೆ ಶುರುವಾಯಿತು ಫೋನು. "ಭಟ್ರೇ, ನೂರೈವತ್ತು ಎಲೆಗೆ ತೊಗರಿಬೇಳೆ ಎಷ್ಟು?" "ಎಂಬತ್ತು ಎಲೆಗೆ ಬೆಲ್ಲ ಎಷ್ಟು ತರೂದು?" ಅವರಿಲ್ಲದೆ ಅಡುಗೆ ಮಾಡಬೇಕಾಗಿ ಬಂದವರೆಲ್ಲ ಹಾಸಿಗೆಗೇ ಫೋನು ಮಾಡುತ್ತಿದ್ದರು. ಭಾವ ಒಂದು ಕೈಯಲ್ಲಿ ಹೊಲಿಗೆ ಹಾಕಿದ ಜಾಗ ಒತ್ತಿ ಹಿಡಿದುಕೊಂಡು ಉತ್ತರ ಹೇಳುತ್ತಿದ್ದರು. ಒಂದು ದಿನ ಮೊಬೈಲಿನಲ್ಲಿ ಯಾವುದೋ ಹಿಂದಿಯವನ ವಿಡಿಯೋ ನೋಡಿ ನನ್ನನ್ನು ಕರೆದರು.

"ಮೇಷ್ಟ್ರೆ, ಈ ಲೆಕ್ಕ ಎಲ್ಲ ಮೊಬೈಲೇ ಹೇಳೂ ಹಂಗೆ ಮಾಡೂಕೆ ಬತ್ತಡ. ಹೌದಾ?"

"ಬರ್ತದೆ."

"ನಂಗೆ ಕಲಿಸ್ತ್ರಾ?"

"ಭಾವ, ಅದಕ್ಕೆ ಸ್ವಲ್ಪ ಓದು ಬೇಕು" ಎಂದೆ. ಈಗ ನೆನೆದರೆ ಮುಖ ಎಲ್ಲಿಡಲಿ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಆಗ ಹಾಯಾಗಿತ್ತು.

ಅವರು ಮತ್ತೆ ಕೇಳಲಿಲ್ಲ. ನನ್ನ ಹೆಂಡತಿಯ ಹತ್ತಿರ ಮನೆಯಲ್ಲಿ ಬಿದ್ದಿದ್ದ ಹಳೇ ಲ್ಯಾಪ್‌ಟಾಪು ತರಿಸಿಕೊಂಡರು. ಹಾಸಿಗೆಯ ಮೇಲೆ ಮಣೆ, ಮಣೆಯ ಮೇಲೆ ಲ್ಯಾಪ್‌ಟಾಪು. ಸೊಂಟಕ್ಕೆ ಅಡುಗೆಗೆ ನಿಲ್ಲುವಾಗಿನ ಹಾಗೇ ಪಾಣಿಪಂಚೆ ಬಿಗಿದುಕೊಂಡು ಒಂದೇ ಬೆರಳಿನಲ್ಲಿ ಕುಟ್ಟಲು ಕೂತರು. ಪರದೆಯ ಮೇಲೆ ಕೆಂಪಕ್ಷರ ಬಂದರೆ "ಬೈತಾ ಇದ್ದು, ಬೈತಾ ಇದ್ದು" ಎಂದು ನನ್ನ ಹೆಂಡತಿಯನ್ನು ಕೂಗುತ್ತಿದ್ದರು. ಅವಳು ಹಿಟ್ಟಿನ ಕೈಯಲ್ಲಿ ಬಂದು ಇಂಗ್ಲಿಷ್ ಓದಿ ಅರ್ಥ ಹೇಳುತ್ತಿದ್ದಳು. ಮನೆಯಲ್ಲಿ ಕಂಪ್ಯೂಟರ್ ಲೆಕ್ಚರರ್ ಒಬ್ಬ ಪಕ್ಕದ ಕೋಣೆಯಲ್ಲಿ ಪೇಪರು ಓದುತ್ತಿದ್ದ.

ಲೂಪ್ ಎನ್ನುವುದೊಂದಿದೆ. ಒಂದೇ ಕೆಲಸವನ್ನು ಇಂಥದ್ದು ಆಗುವವರೆಗೆ ಮಾಡುತ್ತಿರು ಎಂದು ಕಂಪ್ಯೂಟರಿಗೆ ಹೇಳುವ ಕ್ರಮ. ನನ್ನ ವಿದ್ಯಾರ್ಥಿಗಳಿಗೆ ಅದು ತಲೆಗೆ ಹೋಗುವುದಕ್ಕೆ ಒಂದು ತಿಂಗಳು ಬೇಕು, ಕೆಲವರಿಗೆ ಡಿಗ್ರಿ ಸಿಕ್ಕ ಮೇಲೂ ಹೋಗಿರುವುದಿಲ್ಲ. ಭಾವ ವಿಡಿಯೋವನ್ನು ಅರ್ಧಕ್ಕೇ ನಿಲ್ಲಿಸಿ, "ಇದೆಂತ ದೊಡ್ಡದು? ಪಾಕ ಬಪ್ಪಲ್ಲಿವರೆಗೆ ತೊಳಸು. ಅಷ್ಟೇ ಅಲ್ದಾ?" ಎಂದರು. ನಾನು ಇಪ್ಪತ್ತನಾಲ್ಕು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ಹೇಳಿಕೊಟ್ಟಿಲ್ಲ. ಮಾರನೇ ದಿನ ಅವರ ಲೂಪು ನಿಲ್ಲದೆ ತಿರುಗಿ ಲ್ಯಾಪ್‌ಟಾಪು ಬಿಸಿಯಾಗಿ ಗೊರಗುಟ್ಟಿತು. ಅಲ್ಲಿಗೆ ಸಿಕ್ಕಿಬಿದ್ದರು ಎಂದು ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಭಾವ ಸ್ವಲ್ಪ ಹೊತ್ತು ಪರದೆ ದಿಟ್ಟಿಸಿ, "ಒಲೆ ಹೊತ್ತಿಸದೇ ತೊಳಸ್ತಾ ಇದ್ದು ಇದು. ಪಾಕ ಎಲ್ಲಿಂದ ಬರೂದು?" ಎಂದು ಒಂದು ಸಾಲು ತಿದ್ದಿದರು. ನಿಂತಿತು. ನಾನು ಹೋಗಿ ಮತ್ತೆ ಪೇಪರು ಹಿಡಿದೆ.

ಹಾಗಂತ ಅವಾಂತರ ಆಗಲಿಲ್ಲವೇ? ಆಯಿತು, ದೇವರು ದೊಡ್ಡವನು. ಒಂದೇ ಬೆರಳಿನಲ್ಲಿ ಕುಟ್ಟುವ ಕಷ್ಟಕ್ಕೆ ಭಾವ ಒಂದು ನಿಯಮ ಮಾಡಿಕೊಂಡಿದ್ದರು. ಯಾವ ಸಾಮಾನಿನ ಹೆಸರಾದರೂ ಇಂಗ್ಲಿಷಿನಲ್ಲಿ ಮೊದಲಿನ ನಾಲ್ಕೇ ಅಕ್ಷರ. ಮೆಣಸಿಗೆ ಎಂ, ಇ, ಎನ್, ಎ. ಕೊತ್ತಂಬರಿಗೆ ಕೆ, ಓ, ಟಿ, ಟಿ. ಬೆಲ್ಲಕ್ಕೆ ಬಿ, ಇ, ಎಲ್, ಎಲ್. ಈಗಿನವರು ರಿಸೆಪ್ಷನ್ನಿಗೆ ಕೇಳುತ್ತಾರೆಂದು ಆಮೇಲೆ ಒಲ್ಲದ ಮನಸ್ಸಿನಿಂದ ಬೆಳ್ಳುಳ್ಳಿಯನ್ನೂ ಸೇರಿಸಿದರು. ಬೆಳ್ಳುಳ್ಳಿಗೂ ಬಿ, ಇ, ಎಲ್, ಎಲ್! ಅವತ್ತು ನನ್ನ ಹೆಂಡತಿ ಪರೀಕ್ಷೆಗೆಂದು ನೂರು ಎಲೆಯ ಪಾಯಸ ಎಂದು ಒತ್ತಿದಳು. ಕಡಲೆಬೇಳೆ ಇಷ್ಟು, ತೆಂಗಿನಕಾಯಿ ಇಷ್ಟು, ಬೆಳ್ಳುಳ್ಳಿ ಹತ್ತು ಕೆಜಿ ಎಂದು ಬಂತು. ಅವಳು ನಕ್ಕು ನೆಲಕ್ಕೆ ಕೂತಳು. ಭಾವ ನಗಲು ಹೋಗಿ ಹೊಲಿಗೆ ಹಿಡಿದುಕೊಂಡು, "ನಗಿಸಡಿ ಮಾರಾಯ್ತಿ, ಹರೀತು, ಹರೀತು" ಎಂದು ಒದ್ದಾಡಿದರು. ನಾನು ಈ ಕಥೆಯನ್ನು ಮರುದಿನವೇ ಸ್ಟಾಫ್ ರೂಮಿಗೆ ಮುಟ್ಟಿಸಿದೆ.

ಆ್ಯಪ್ ತೆರೆದ ಕೂಡಲೇ ಯಾವ ತಾಲ್ಲೂಕು ಎಂದು ಕೇಳುತ್ತಿತ್ತು. ತೊಗರಿಬೇಳೆಗೂ ತಾಲ್ಲೂಕಿಗೂ ಏನು ಸಂಬಂಧ? ತಡೆಯಲಾರದೆ ಕೇಳಿಯೇಬಿಟ್ಟೆ.

"ಇದ್ದು ಮೇಷ್ಟ್ರೆ. ತೀರ್ಥಹಳ್ಳಿಯವ್ರು ಪಾಯಸ ಬೇಕಾದ್ರೆ ಬೇಕು ಹೇಳ್ತ. ಹೊಸನಗರದವ್ರು ಹಾಕಿದ್ದು ಉಣ್ತ. ಸಾಗರದವ್ರು ಬೇಡ ಬೇಡ ಹೇಳಿ ಎಲೆಗೆ ಕೈ ಅಡ್ಡ ಹಿಡ್ಕಂಡು ಮೂರು ಸಲ ಹಾಕಿಸ್ಕಂತ. ಅದಕ್ಕೇ ಸಾಗರ ಒತ್ತಿದ್ರೆ ಪಾಯಸ ಜಾಸ್ತಿ ತೋರಿಸ್ತು."

ನಾನು ಸಾಗರದವನು. ಆ ಮಾತು ಯಾರಿಗೆ ತಾಗಿಸಿ ಆಡಿದ್ದು ಎಂದು ಎರಡು ದಿನ ಯೋಚಿಸಿದೆ.

ಎರಡೂವರೆ ತಿಂಗಳಿಗೆ ಆ್ಯಪ್ ಮುಗಿಯಿತು. ನಿಜವಾಗಿಯೂ ಮುಗಿಯಿತು, ನಿಜವಾಗಿಯೂ ನಡೆಯುತ್ತಿತ್ತು. ನನ್ನ ಹೊಟ್ಟೆಯೊಳಗೆ ಏನಾಯಿತು ಎಂದು ಹೇಳುವುದು ಬೇಡ, ಅದಕ್ಕೆ ಯಾವ ಡಾಕ್ಟರೂ ಆಪರೇಷನ್ ಮಾಡುವುದಿಲ್ಲ. ತಪ್ಪು ಹುಡುಕಲೇಬೇಕು ಎಂದು ಕೂತೆ. ಸಿಕ್ಕಿತು! ನೂರು ಎಲೆ ಎಂದು ಒತ್ತಿದರೆ ಕೊನೆಯಲ್ಲಿ "ಒಟ್ಟು ಎಲೆ ನೂರಾ ಒಂದು" ಎಂದು ತೋರಿಸುತ್ತಿತ್ತು. ಇಪ್ಪತ್ತು ಒತ್ತಿದರೆ ಇಪ್ಪತ್ತೊಂದು. ಲೆಕ್ಕದಲ್ಲಿ ಒಂದು ಹೆಚ್ಚಾಗುವುದು ಹೊಸದಾಗಿ ಕಲಿಯುವವರೆಲ್ಲ ಮಾಡುವ ತಪ್ಪು, ಪ್ರತಿ ವರ್ಷ ಉತ್ತರಪತ್ರಿಕೆಯಲ್ಲಿ ನೋಡುತ್ತೇನೆ. ಎಷ್ಟು ಖುಷಿಯಾಯಿತೆಂದರೆ ಎರಡು ವರ್ಷದಲ್ಲಿ ಮೊದಲ ಸಲ ನಗುಮುಖ ಮಾಡಿಕೊಂಡು ಭಾವನನ್ನು ಮಾತಾಡಿಸಿದೆ.

"ಭಾವ, ನಿಮ್ಮದರಲ್ಲಿ ಒಂದು ಎಲೆ ಜಾಸ್ತಿ ಬರ್ತಾ ಇದ್ದು."

"ಗೊತ್ತಿದ್ದು. ಅದು ಇರ್ಲಿ" ಎಂದರು.

ಇರಲಿ ಎಂದರೆ? ತಪ್ಪು ಇರಲಿ ಎಂದು ಯಾರಾದರೂ ಹೇಳುತ್ತಾರೆಯೇ? ಮಧ್ಯಾಹ್ನ ಭಾವ ಮಲಗಿದ್ದಾಗ ಲ್ಯಾಪ್‌ಟಾಪು ತೆರೆದು ಅವರು ಬರೆದದ್ದನ್ನು ಸಾಲುಸಾಲಾಗಿ ನೋಡಿದೆ. ಎಲ್ಲ ನಾಲ್ಕಕ್ಷರದ ಹೆಸರುಗಳು. ಎಲೆಯನ್ನು ಎಣಿಸುವ ಸಾಲಿಗೆ ಬಂದರೆ, ಎಲೆಗೆ ಇನ್ನೇನನ್ನೋ ಕೂಡಿಸಿದ್ದರು. ಟಿ, ಎ, ಎಂ, ಎ. ಅದರ ಬೆಲೆ ಒಂದು.

ಟಿ, ಎ, ಎಂ, ಎ. ಟಮಾ. ಟಮಾಟೆ!

ನೀವು ನಮ್ಮ ಭಾವನನ್ನು ಬಲ್ಲವರಾಗಿದ್ದರೆ ನನ್ನ ಆನಂದ ಅರ್ಥವಾಗುತ್ತಿತ್ತು. ಟಮಾಟೆಯೆಂದರೆ ಅವರಿಗೆ ಹುಟ್ಟುಹಗೆ. ಹುಣಸೆಹಣ್ಣು ಕಿವುಚಲು ಸೋಮಾರಿತನ ಇರುವವರು ಹಾಕುವ ಕಾಯಿ ಅದು ಎನ್ನುತ್ತಿದ್ದರು. ನಮ್ಮ ಮನೆಯ ಸಾರಿನಲ್ಲಿ ಅದನ್ನು ಕಂಡ ದಿನ ಬರೀ ಮಜ್ಜಿಗೆಯಲ್ಲಿ ಊಟ ಮುಗಿಸಿದ್ದರು. ಅಂಥವರ ಲೆಕ್ಕದೊಳಗೆ ಟಮಾಟೆ ಬಂದು ಕೂತಿದೆ, ಅದೂ ಎಲೆಯ ಜೊತೆ ಕೂಡಿಕೊಂಡು! ಬೆಳ್ಳುಳ್ಳಿ ಬೆಲ್ಲದೊಳಗೆ ಹೊಕ್ಕಿದ್ದಂತೆ ಇದೂ ಹೊಕ್ಕಿರಬೇಕು ಎಂದುಕೊಂಡೆ. ಆ ನಾಲ್ಕಕ್ಷರವನ್ನು ಅಳಿಸಿ ಹಾಕಿದೆ. ನೂರು ಒತ್ತಿದೆ, ನೂರು ಬಂತು. ಅವರ ಮೊಬೈಲಿಗೂ ಹೊಸದನ್ನೇ ಹಾಕಿಟ್ಟು, ಒಂದು ಮಹತ್ಕಾರ್ಯ ಮಾಡಿದವನ ಹಾಗೆ ಕಾಫಿ ಕುಡಿದೆ.

ಸಂಜೆ ಭಾವ ಮೊಬೈಲು ಹಿಡಿದುಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು.

"ಮೇಷ್ಟ್ರೆ, ಒಂದು ಎಲೆ ತೆಗೆದ್ರಾ?"

"ಹೌದು. ಬೇಡದ್ದು ಸೇರ್ಕೊಂಡಿತ್ತು, ತೆಗೆದೆ."

"ಎಂತ ಬರದ್ದು ಹೇಳಿ ನೋಡಿಯೇ ತೆಗೆದ್ರಾ?"

"ನೋಡದೇ ತೆಗೀತೀನಾ ಭಾವ? ಅದಕ್ಕೆ ಅಲ್ಲಿ ಜಾಗ ಇಲ್ಲೆ."

ಅವರು ಮೊಬೈಲು ಆರಿಸಿ "ಆತು. ನಿಮ್ಮಿಷ್ಟ" ಎಂದು ಹೋದರು. ಮರುದಿನ ಬೆಳಿಗ್ಗೆ ಬಟ್ಟೆ ಕಟ್ಟಿಕೊಂಡು ಹೊರಟೇಬಿಟ್ಟರು. ಡಾಕ್ಟರು ಹೇಳಿದ್ದಕ್ಕೆ ಇನ್ನೂ ಎರಡು ವಾರ ಇತ್ತು. ಹೆಂಡತಿ ಎಷ್ಟು ಹೇಳಿದರೂ ಕೇಳಲಿಲ್ಲ. ಎರಡೂವರೆ ತಿಂಗಳು ಇಟ್ಟುಕೊಂಡದ್ದಕ್ಕೆ ಸಿಕ್ಕ ಮರ್ಯಾದೆ ಇದು ಎಂದು ನಾನು ಒಳಗೊಳಗೇ ಕುದಿದೆ. ತಪ್ಪು ತಿದ್ದಿದರೆ ಇಷ್ಟು ಸಿಟ್ಟೇ? ಎದೆ ಸೀಳಿದರೆ ನಾಲ್ಕಕ್ಷರ ಇಲ್ಲದವರಿಗೆ ಮುನಿಸು ಮಾತ್ರ ಬೇಕಾದಷ್ಟು.

ಅದಾಗಿ ಮೂರು ವಾರಕ್ಕೆ ಅಕ್ಕನ ಎರಡನೇ ವರ್ಷದ ತಿಥಿ. ಹೆಂಡತಿ ಹಿಂದಿನ ದಿನವೇ ಹೇಳಿದ್ದಳು. "ಭಾವ ಎಲೆ ಎಷ್ಟು ಹೇಳಿ ಕೇಳಿದ್ರು. ಪುರೋಹಿತರನ್ನೂ ನಿಮ್ಮನ್ನೂ ಬಿಟ್ಟು ಹನ್ನೊಂದು ಹೇಳಿ ನಾನೇ ಹೇಳಿದ್ದಿ." ಕಾಲೇಜಿನಲ್ಲಿ ಪರೀಕ್ಷೆ ಇದೆ ಎಂದಿದ್ದೆ ನಾನು. ಪರೀಕ್ಷೆ ಇರಲಿಲ್ಲ, ಅವತ್ತು ರಜೆ. ಅವಳು ಮೊದಲ ಬಸ್ಸಿಗೆ ಹೋದಳು. ನಾನು ಒಬ್ಬನೇ ಕೂತು, ಹತ್ತು ಗಂಟೆಗೆ ಅವಳು ಮಾಡಿಟ್ಟ ಸಾರು ಬಿಸಿ ಮಾಡಿದೆ. ಅದರಲ್ಲಿ ಟಮಾಟೆ ಹೋಳುಗಳಿದ್ದವು. ಯಾಕೋ ಊಟ ಸೇರಲಿಲ್ಲ. ಅಂಗಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ಬಸ್ಸು ಹತ್ತುವವರೆಗೂ ಎಲ್ಲಿಗೆ ಹೊರಟಿದ್ದೇನೆಂದು ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಹೊಸನಗರದ ಮನೆ ಮುಟ್ಟಿದಾಗ ಪುರೋಹಿತರ ಊಟ ಮುಗಿದು ನೆಂಟರ ಪಂಕ್ತಿಗೆ ಎಲೆ ಹಾಕಿತ್ತು. ಅಡುಗೆ ಭಾವನದೇ, ಎಲೆಯ ತುದಿಗೆ ಆಗಲೇ ಉಪ್ಪು ಬಂದಿತ್ತು. ಹತ್ತು ಜನ ಕೂತಿದ್ದರು. ಹನ್ನೊಂದನೆಯ ಎಲೆ ಕೊನೆಯಲ್ಲಿ, ಬಡಿಸುತ್ತಿದ್ದ ಭಾವನದು. ನಾನು ಬಾಗಿಲಲ್ಲಿ ನಿಂತೆ. ಎಲ್ಲರೂ ನನ್ನ ಮುಖ ನೋಡಿದರು, ಆಮೇಲೆ ಭಾವನ ಮುಖ ನೋಡಿದರು. ನನ್ನ ಹೆಂಡತಿ ಅರ್ಧ ಎದ್ದು, "ಬನ್ನಿ, ನನ್ನ ಎಲೆಗೆ ಕೂತ್ಕಳಿ" ಎಂದಳು.

"ಕೂತ್ಕ ನೀನು" ಎಂದರು ಭಾವ ಅವಳಿಗೆ. ಸೊಂಟದಿಂದ ಮೊಬೈಲು ತೆಗೆದು ನನ್ನ ಮುಂದೆ ಹಿಡಿದರು. "ಎಲೆ ಹನ್ನೊಂದು, ವಡೆ ಇಪ್ಪತ್ತೆರಡು. ಅಷ್ಟೇ ಮಾಡಿದ್ದು ಮೇಷ್ಟ್ರೆ. ಲೆಕ್ಕ ನಿಮ್ಮದೇ ಅಲ್ದಾ?"

ಅಷ್ಟು ಜನರ ಎದುರು ಹೀಗಾಯಿತಲ್ಲ ಎಂದು ನನಗೂ ಸಿಟ್ಟು ಬಂತು. "ಒಂದು ಟಮಾಟೆ ತೆಗೆದದ್ದಕ್ಕೆ ಇಷ್ಟೆಲ್ಲ ಎಂತಕ್ಕೆ ಭಾವ?" ಎಂದೆ.

"ಟಮಾಟೆಯಾ?"

"ಹೌದಲ್ಲ. ಟಿ, ಎ, ಎಂ, ಎ. ನಿಮ್ಮ ಪ್ರೋಗ್ರಾಮಿನಲ್ಲಿ ಎಲೆಗೆ ಟಮಾಟೆ ಕೂಡಿಸಿತ್ತು. ಅದನ್ನ ತೆಗೆದೆ."

ಭಾವ ಬಡಿಸುವ ಪಾತ್ರೆಯನ್ನು ಕೆಳಗಿಟ್ಟರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

"ಅದು ಟಮಾಟೆ ಅಲ್ಲ" ಎಂದರು. "ತಮಾ."

ನನ್ನ ಅಕ್ಕ ನನ್ನನ್ನು ಹುಟ್ಟಿದಂದಿನಿಂದ ಹೆಸರು ಹಿಡಿದು ಕರೆದವಳಲ್ಲ. ತಮಾ, ಉಂಡ್ಯಾ? ತಮಾ, ಯಾವ ಬಸ್ಸಿಗೆ ಬಂದೆ? ಅವಳು ಹಾಗೆ ಕರೆಯುವುದು ಕೇಳಿ ಕೇಳಿ ಭಾವನೂ ಹಾಗೇ ಕರೆಯುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಭಾವನ ಅಡುಗೆ ಎಲ್ಲಿದ್ದರೂ ಕಾಲೇಜು ಮುಗಿಸಿ ಓಡುತ್ತಿದ್ದೆ, ಪಂಕ್ತಿ ಎಲ್ಲ ಎದ್ದ ಮೇಲೆ ಮುಟ್ಟುತ್ತಿದ್ದೆ. ಆದರೂ ನನಗೊಂದು ಎಲೆ ಯಾವತ್ತೂ ಇರುತ್ತಿತ್ತು. ಅದು ಎಲ್ಲಿಂದ ಬರುತ್ತಿತ್ತು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

"ನೂರು ಎಲೆ ಇರ್ಲಿ, ಐನೂರು ಎಲೆ ಇರ್ಲಿ" ಎಂದರು ಭಾವ. "ಸಾಮಾನು ಅಳೆಯೂಕೆ ಕೂತ್ರೆ ನಿನ್ನ ಅಕ್ಕ ಬಂದು ಹೇಳ್ತಿತ್ತು. ತಮಂದು ಒಂದು ಹೆಚ್ಚು ಹಿಡೀರಿ, ಬಂದ್ರೆ ಬಂದ. ಇಪ್ಪತ್ತು ವರ್ಷದ ಮೇಲಾತು. ಅದು ಹೋದ ಮೇಲೂ ಬಿಟ್ಟಿದ್ದಿಲ್ಲೆ ನಾನು. ನೀ ಬರ್ತಿತ್ತಿಲ್ಲೆ. ಆ ಎಲೆಯನ್ನ ದನಕ್ಕೆ ಹಾಕ್ತಿದ್ದೆ."

ಅವರು ಮೊಬೈಲನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಓದಿದವ್ರು, ನಾಲ್ಕಕ್ಷರ ಓದೂಕೆ ಬರದೇ ಇರ್ತಾ ಹೇಳಿ ನಾನು ಅಂದ್ಕಂಡಿ. ನಿನ್ನ ಎಲೆಯನ್ನ ನೀನೇ ನೋಡಿ ತೆಗೆದಿದ್ದು, ಅಲ್ಲಿ ಜಾಗ ಇಲ್ಲೆ ಹೇಳಿ ನೀನೇ ಬಾಯಿಬಿಟ್ಟು ಹೇಳ್ದೆ. ಮತ್ತೆ ನಾನು ಹೆಂಗೆ ಹಾಕೂದು?"

ಇಷ್ಟು ಹೇಳಿ ಕತ್ತಿ ತೆಗೆದುಕೊಂಡು ಹಿತ್ತಿಲಿಗೆ ಹೊರಟರು. ನಾನೂ ಹಿಂದೆ ಹೋದೆ. ಬಾಳೆಯ ಎಲೆ ಎತ್ತರದಲ್ಲಿತ್ತು. ನಾನು ಕೊಯ್ಯುತ್ತೇನೆ ಎಂದರೆ ಕತ್ತಿ ಕೊಡಲಿಲ್ಲ. ಕೈ ಮೇಲೆತ್ತುವಾಗ ಇನ್ನೊಂದು ಕೈ ತಾನಾಗಿಯೇ ಹೊಲಿಗೆಯ ಜಾಗಕ್ಕೆ ಹೋಯಿತು. "ಭಾವ, ಅವತ್ತು ಹದಿಮೂರನೇ ದಿನ ನಾನು ಹೇಳಿದ್ದು ತಪ್ಪು. ಅಕ್ಕ ಯಾರಿಗೂ ಹೇಳಿರಲಿಲ್ಲ ಹೇಳಿ ನಂಗೆ ಗೊತ್ತಿತ್ತು" ಎಂದೆ. ಅವರು ತಿರುಗಲಿಲ್ಲ. ಒಳ್ಳೆಯ ಕುಡಿಯೆಲೆಯನ್ನೇ ಆರಿಸಿ ಕೊಯ್ದರು. ಎದೆ ಸೀಳಿದರೆ ನಾಲ್ಕಕ್ಷರ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ, ನಾಲ್ಕೇ ಇದ್ದವು. ಓದಲು ಬಾರದೆ ನಾನೇ ಅಳಿಸಿದ್ದೆ.

ಒಳಗೆ ಬಂದು ಎಲೆಯನ್ನು ತಮ್ಮ ಎಲೆಯ ಪಕ್ಕದಲ್ಲಿ ಹಾಸಿದರು. ನೀರು ಚಿಮುಕಿಸಿ ಒರೆಸಿದರು. ತಮ್ಮ ಪಾಲಿನ ಎರಡು ವಡೆಯಲ್ಲಿ ಒಂದನ್ನು ತೆಗೆದು ಅದರ ಮೇಲಿಟ್ಟರು. ನಾನು ಇನ್ನೂ ನಿಂತೇ ಇದ್ದೆ.

"ಕೂತ್ಕ ತಮಾ" ಎಂದರು. "ಪಾಯಸಕ್ಕೆ ಬೆಳ್ಳುಳ್ಳಿ ಹಾಕಿದ್ದಿಲ್ಲೆ."